ಬಲಗಡೆಯ ಡಬ್ಬಿ

ಹಿತ್ತಲಿನ ಹುಲ್ಲನ್ನೆಲ್ಲ ಬೇರುಸಹಿತ ಕಿತ್ತು ಲಾರಿಗೆ ತುಂಬುವವರೆಗೂ ಪ್ಲಾಸ್ಟಿಕ್ ಹುಲ್ಲು ಹಾಸಿಸುತ್ತೇನೆಂಬುದನ್ನು ತಂಗಿ ಅಕ್ಕನ ಬರೀ ಬಾಯಿಮಾತು ಎಂದೇ ತಿಳಿದಿದ್ದಳು. ಕೆಲಸದವರು ಮಣ್ಣನ್ನು ತಟ್ಟಿ ಸಮ ಮಾಡಿದರು, ದಪ್ಪ ಹಾಳೆ ಹಾಸಿದರು, ಅದರ ಮೇಲೆ ಚಾಪೆ ಬಿಚ್ಚಿದಂತೆ ಪ್ಲಾಸ್ಟಿಕ್ ಹುಲ್ಲನ್ನು ಉರುಳಿಸಿದರು. ಸಂಜೆಯ ಹೊತ್ತಿಗೆ ಹಿತ್ತಲು ಹಸಿರೋ ಹಸಿರು. ಹುಡುಕಿದರೂ ಒಂದು ಎರೆಹುಳು ಇಲ್ಲ, ಉದುರಿದ ಬೀಜ ಇಲ್ಲ.

ಮಾರನೆಯ ದಿನ ಅಕ್ಕ ಎರಡು ಕಂಬ ನೆಡಿಸಿ, ಹಕ್ಕಿಗಳಿಗೆ ಕಾಳು ಹಾಕುವ ಡಬ್ಬಿಗಳನ್ನು ತೂಗುಹಾಕಿದಳು. ಎಡಕ್ಕೊಂದು, ಬಲಕ್ಕೊಂದು.

"ಯಾವಾಗಿಂದ ನಿನಗೆ ಹಕ್ಕಿ ಮೇಲೆ ಪ್ರೀತಿ?" ಎಂದಳು ತಂಗಿ.

"ಪ್ರೀತಿ ಗೀತಿ ಏನಿಲ್ಲ. ನಿಜವಾದ ಹುಲ್ಲಿದ್ರೆ ಏನೇನೋ ಹೆಕ್ಕಿ ತಿಂತಾವೆ. ಇಲ್ಲಿ ನಾನು ಹಾಕಿದ್ದನ್ನೇ ತಿನ್ನಬೇಕು. ಸತ್ತು ಬಿದ್ರೂ ಎದ್ದು ಕಾಣುತ್ತೆ."

ಅಕ್ಕ ಮೂವತ್ತು ವರ್ಷ ಕೀಟನಾಶಕದ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತಳಾದವಳು. ಯಾವ ಮದ್ದು ಎಷ್ಟು ಹಾಕಿದರೆ ಎಷ್ಟು ಹಕ್ಕಿ ಉರುಳುತ್ತವೆ ಎಂದು ಬರೆದಿಡುವುದೇ ಅವಳ ಕೆಲಸವಾಗಿತ್ತು. ಅಷ್ಟೂ ವರ್ಷ ತಂಗಿ ಅವಳಿಗೆ ಅಡುಗೆ ಮಾಡಿ ಹಾಕಿದ್ದಳು. ಮದುವೆಯಾಗುತ್ತೇನೆಂದು ಬಂದ ಇಬ್ಬರನ್ನು ಅಕ್ಕ ಬಾಗಿಲಿನಿಂದಲೇ ಸಾಗಹಾಕಿದ್ದಳು. ಮನೆ ಅಕ್ಕನದು, ಮಾತೂ ಅಕ್ಕನದೇ. ಐವತ್ತೆರಡು ವಯಸ್ಸಾದರೂ ತಂಗಿ ಅವಳ ಬಾಯಲ್ಲಿ ಇನ್ನೂ 'ಏಯ್'.

ಆರು ತಿಂಗಳ ಹಿಂದೆ ಅಕ್ಕನಿಗೆ ಸಣ್ಣ ಅಜೀರ್ಣವೆಂದು ಶುರುವಾದದ್ದು ಈಗ ಹೊಟ್ಟೆ ಹಿಂಡುವ ನೋವಾಗಿತ್ತು. ಕೂದಲು ಹಿಡಿಹಿಡಿಯಾಗಿ ಉದುರುತ್ತಿತ್ತು. ವೈದ್ಯರಿಗೆ ತಲೆಬುಡ ತಿಳಿಯಲಿಲ್ಲ. ಉಪಚಾರವೆಲ್ಲ ತಂಗಿಯದು. ಕಾಯಿಲೆಯ ಜೊತೆಗೆ ಅಕ್ಕ ಬೇರೆಯೇ ಮನುಷ್ಯಳಾಗಿದ್ದಳು. ತಂಗಿ ಒಲೆಯ ಕಡೆ ತಿರುಗಿ ನಿಂತರೆ ಅವಳ ಕಣ್ಣು ಬೆನ್ನ ಮೇಲೇ ಇರುತ್ತಿತ್ತು.

ಪಕ್ಕದ ಮನೆಯ ಟೈಲರಮ್ಮ ಗೋಡೆಯಾಚೆಯಿಂದ ಇಣುಕಿದಳು. "ನಿಮ್ಮಕ್ಕ ಆ ಬಲಗಡೆ ಡಬ್ಬಿಗೆ ಏನೋ ಕಲಸಿ ಹಾಕ್ತಾರಲ್ಲ, ಏನದು? ಎಡಗಡೆದಕ್ಕೆ ಬರೀ ಕಾಳು."

"ಗೊತ್ತಿಲ್ಲ."

"ಹುಷಾರಮ್ಮ. ಪಳಗಿದ ಕೈ ಸುಮ್ಮನೆ ಕೂರಲ್ಲ. ಇವತ್ತು ಹಕ್ಕಿ, ನಾಳೆ ಇನ್ಯಾರೋ."

ಮಧ್ಯಾಹ್ನ ತಂಗಿ ಬಾಗಿಲ ಸಂದಿಯಿಂದ ನೋಡಿದಳು. ಅಕ್ಕ ತನ್ನ ತಟ್ಟೆಯ ಅರ್ಧ ಊಟವನ್ನು ಬಟ್ಟಲಿಗೆ ಸುರಿದುಕೊಂಡಳು, ಬೆನ್ನು ತಿರುಗಿಸಿ ನಿಂತು ಕಲಸಿದಳು, ಹಿತ್ತಲಿಗೆ ಒಯ್ದು ಬಲಗಡೆಯ ಡಬ್ಬಿಗೆ ತುಂಬಿದಳು. ಕಲಸುವಾಗ ಕೈಯಲ್ಲಿ ಇನ್ನೇನಿತ್ತೋ ಕಾಣಲಿಲ್ಲ. ಆಮೇಲೆ ಕುರ್ಚಿ ಎಳೆದುಕೊಂಡು, ಪುಸ್ತಕ ತೆರೆದು, ಹಕ್ಕಿ ಎಣಿಸುತ್ತ ಕುಳಿತಳು.

ಈ ಪರೀಕ್ಷೆ ಮುಗಿದ ದಿನ ತನ್ನ ಗತಿ ಏನು ಎಂದು ತಂಗಿ ಮತ್ತೆ ಮತ್ತೆ ನೆನೆದಳು. ಬಿಟ್ಟು ಹೋಗೋಣವೆಂದರೆ ಹೋಗುವುದೆಲ್ಲಿಗೆ? ದಿನವೂ ಎದ್ದ ಕೂಡಲೇ ಕಿಟಕಿಗೆ ಹೋಗಿ ಹಸಿರಿನ ಮೇಲೆ ಕಣ್ಣಾಡಿಸುವುದೊಂದು ಚಾಳಿಯಾಯಿತು.

ಹದಿನೆಂಟನೆಯ ದಿನ ಬಲಗಡೆಯ ಕಂಬದ ಬುಡದಲ್ಲಿ ಒಂದು ಗುಬ್ಬಚ್ಚಿ ಸತ್ತು ಬಿದ್ದಿತ್ತು.

ಅಕ್ಕ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಕತ್ತರಿ ಹಿಡಿದಳು. "ಏಯ್, ಟಾರ್ಚ್ ಹಿಡಿ."

ತಂಗಿ ಹಿಡಿದಳು. ಬೆಳಕು ಅಲುಗಾಡಿತು.

"ಯಾಕೆ ನಡುಗ್ತಿದ್ದೀಯ?"

"ಪಾಪ ಅನ್ಸುತ್ತೆ."

ಅಕ್ಕ ಕತ್ತರಿ ನಿಲ್ಲಿಸಿ ಬಹಳ ಹೊತ್ತು ತಂಗಿಯ ಮುಖವನ್ನೇ ನೋಡಿದಳು. ಮತ್ತೆ ಬಗ್ಗಿ, ಹಕ್ಕಿಯ ಕತ್ತನ್ನು ಬೆರಳಿನಿಂದ ಒತ್ತಿದಳು. "ಕತ್ತು ಮುರಿದಿದೆ. ಕಿಟಕಿ ಗಾಜಿಗೆ ಬಡಿದಿರಬೇಕು. ಇದು ಲೆಕ್ಕಕ್ಕಿಲ್ಲ."

ತಿಂಗಳು ತುಂಬಿದ ದಿನ ಅಕ್ಕ ಹಿತ್ತಲಿನಿಂದ ಕೂಗಿದಳು. ತಂಗಿ ಹೋದಳು. ಪುಸ್ತಕ ಅಕ್ಕನ ತೊಡೆಯ ಮೇಲೆ ಮುಚ್ಚಿತ್ತು. ಎದುರಿಗೆ ಇನ್ನೊಂದು ಕುರ್ಚಿ ಹಾಕಿತ್ತು.

"ಕೂತ್ಕೋ. ಇವತ್ತಿಗೆ ಮುಗೀತು."

ತಂಗಿ ಕುಳಿತಳು.

"ನೀನು ನನಗೆ ಬಡಿಸಿದ್ದರಲ್ಲಿ ಅರ್ಧ ಆ ಬಲಗಡೆ ಡಬ್ಬಿಗೆ ಹಾಕ್ತಿದ್ದೆ. ಬೇರೇನೂ ಬೆರೆಸ್ತಿರಲಿಲ್ಲ. ಎಡಗಡೆಗೆ ಅಂಗಡಿ ಕಾಳು. ಒಂದು ತಿಂಗಳು ನೋಡಿದೆ. ಎರಡೂ ಕಡೆ ಹಕ್ಕಿ ಗಟ್ಟಿಮುಟ್ಟಾಗಿವೆ. ಬಲಗಡೆಯವು ಒಂದು ಸುತ್ತು ದಪ್ಪನೇ ಆಗಿವೆ." ಅಕ್ಕನ ದನಿ ಒಡೆಯಿತು. "ಬೇಲಿನೇ ಎದ್ದು ಹೊಲ ಮೇಯ್ತಿದೆ ಅಂದ್ಕೊಂಡ್ಬಿಟ್ಟೆ. ಊಟದಲ್ಲಿ ನೀನೇ ಏನೋ ಹಾಕ್ತಿದ್ದೀಯ ಅಂತ. ನನ್ನ ಬುದ್ಧಿಗಿಷ್ಟು. ತಪ್ಪಾಯ್ತು ಕಣೇ."

ಅಕ್ಕ ಅಳುವುದನ್ನು ತಂಗಿ ನೋಡಿದ್ದು ಅದೇ ಮೊದಲು. ಅವಳಿಗೂ ಅಳು ಉಕ್ಕಿ ಬಂತು. ತಿಂಗಳಿಂದ ಎದೆಯ ಮೇಲೆ ಕುಳಿತಿದ್ದ ಬಂಡೆ ಸರಿದಂತಾಗಿತ್ತು. ಎದ್ದು ಅಕ್ಕನನ್ನು ತಬ್ಬಿಕೊಂಡಳು.

"ಹೋಗ್ಲಿ ಬಿಡಕ್ಕ. ಕಾಯಿಲೆಯಲ್ಲಿ ಹಾಗೆಲ್ಲ ಅನ್ಸುತ್ತೆ. ಒಳಗೆ ಬಾ, ಔಷಧಿ ಹೊತ್ತಾಯ್ತು."

"ತಗೊಂಡ್ ಬಾರಮ್ಮ," ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ.

ತಂಗಿ ಅಡುಗೆಮನೆಗೆ ಹೋಗಿ ಔಷಧಿಯನ್ನು ಲೋಟಕ್ಕೆ ಬಗ್ಗಿಸಿ, ಡಬ್ಬಿಗಳ ಹಿಂದೆ ಅಡಗಿಸಿಟ್ಟಿದ್ದ ಸೀಸೆಯಿಂದ ದಿನವೂ ಬೆರೆಸುತ್ತಿದ್ದ ಎರಡು ಹನಿಯ ಬದಲು ಅಂದು ನಾಲ್ಕು ಹನಿ ಬೆರೆಸಿದಳು.