ಚಕ್ರದ ಪಕ್ಷ

“ಅಜ್ಜಾ, ಮನುಷ್ಯನ ಚರಿತ್ರೇಲಿ ಎಲ್ಲಕ್ಕಿಂತ ದೊಡ್ಡ ಶೋಧ ಯಾವುದು? ಬೆಂಕಿನಾ, ಚಕ್ರನಾ?” ಡಯಾಲಿಸಿಸ್ ಸೂಜಿ ಚುಚ್ಚುತ್ತಾ ನರ್ಸ್ ಕೇಳಿದಳು. ಮುದುಕ ಬಾಣಸಿಗನಿಗೆ ಸೂಜಿ ಚುಚ್ಚಿದ್ದೂ ತಿಳಿಯಲಿಲ್ಲ. ಪಕ್ಕದ ಕುರ್ಚಿಯ ಲಾರಿ ಡ್ರೈವರ್ ಜೊತೆ ವರ್ಷಗಟ್ಟಲೆ ಇದೇ ಜಗಳ. ಇವನದು ಬೆಂಕಿ, ಅವನದು ಚಕ್ರ. ಇಬ್ಬರೂ ಜಗ್ಗಿದವರಲ್ಲ. ಮೊನ್ನೆ ಡ್ರೈವರ್ ತೀರಿಕೊಂಡಿದ್ದ.

ಅವನ ಕುರ್ಚಿಗೆ ಬಂದಿದ್ದ ಹೊಸ ಹೆಂಗಸು ತಟ್ಟನೆ ಅಂದಳು, “ಅದರಲ್ಲೇನು ಕೇಳೋದು? ಬೆಂಕಿನೇ.”

“ಅಂತೂ ಗೆದ್ದುಬಿಟ್ರಲ್ಲ ಅಜ್ಜಾ!” ನರ್ಸ್ ನಕ್ಕಳು.

ಬಾಣಸಿಗ ಯಂತ್ರದತ್ತ ನೋಡಿದ. ಅವನ ರಕ್ತದ ಕೊಳವೆಯನ್ನು ಒತ್ತುತ್ತಾ ಪುಟ್ಟ ಚಕ್ರವೊಂದು ಸುತ್ತುತ್ತಿತ್ತು. ಡ್ರೈವರ್ ಅದನ್ನೇ ತೋರಿಸಿದಾಗಲೆಲ್ಲ ಇವನು ಮುಖ ತಿರುಗಿಸುತ್ತಿದ್ದ.

“ಬೆಂಕಿಯಂತೆ ಬೆಂಕಿ!” ಎಂದು ಅವನು ಹೊಸ ಹೆಂಗಸಿನ ಕಡೆ ತಿರುಗಿ ಚಕ್ರದತ್ತ ಬೆರಳು ಮಾಡಿದ. “ಇದು ಇಲ್ದಿದ್ರೆ ನಾನೂ ನೀನೂ ಇಲ್ಲಿ ಕೂತು ಜಗಳ ಆಡ್ತಿದ್ವೇನಮ್ಮಾ?”