ಗುರುವಾರದ ಸರದಿ

ನಮ್ಮೂರಲ್ಲಿ ಯಾರಿಗೇ ಜ್ವರ ಬರಲಿ, ಮನೆಮಂದಿ ದಿನಕ್ಕೊಬ್ಬರಂತೆ ಕೈ ಹಿಡಿದು ಅದನ್ನು ತಮ್ಮ ಮೈಗೆ ಎಳೆದುಕೊಳ್ಳುತ್ತಾರೆ. ನನ್ನ ಮದುವೆಯ ದಿನದಿಂದ ಮಾತು ಬಿಟ್ಟಿದ್ದ ಅಪ್ಪಾಜಿಗೆ ತಿಂಗಳಿಂದ ಜ್ವರ ಅಂತ ತಿಳಿದು, ಒಂಬತ್ತು ವರ್ಷದ ಮೇಲೆ ದಾವಣಗೆರೆಗೆ ಬಂದೆ. ಅಡುಗೆಮನೆ ಬಾಗಿಲ ಮೇಲೆ ಚಾಕ್‌ಪೀಸಿನಲ್ಲಿ ಸರದಿ ಬರೆದಿತ್ತು. ಗುರುವಾರದ ಮುಂದೆ ನನ್ನ ಹೆಸರು!

ಸೆರಗಿಗೆ ಕೈ ಒರೆಸಿಕೊಂಡು ಸರದಿಗೆ ಹೊರಟಿದ್ದ ಅತ್ತಿಗೆಯನ್ನು ಕೇಳಿದೆ, "ಇಷ್ಟು ಗುರುವಾರ ಯಾರು ತಗೊಂಡ್ರಿ?"

"ಯಾರೂ ಇಲ್ಲ. ಅದು ವೇಣಿ ದಿನ ಅಂತ ಮಾವ ನಮ್ಮ ಕೈ ಕೊಡವಿಬಿಡ್ತಾರೆ. ಒಬ್ಬರೇ ನರಳ್ತಾರೆ."

ಅತ್ತಿಗೆಯನ್ನು ಕೂರಿಸಿ, ನಾನೇ ಹೋಗಿ ಅಪ್ಪಾಜಿಯ ಕೈ ಹಿಡಿದೆ. ನನ್ನ ಮೈ ಕಾವೇರಿತು, ಅವರ ಹಣೆ ತಣ್ಣಗಾಯಿತು. ಕಣ್ಣು ಬಿಟ್ಟು ನೋಡಿದರು.

"ಇವತ್ತು ಮಂಗಳವಾರ ಕಣೇ. ನಿನ್ನ ಸರದಿ ನಾಡಿದ್ದು."

"ಗೊತ್ತು ಅಪ್ಪಾಜಿ. ನಾಡಿದ್ದೂ ಇರ್ತೀನಿ."