ಕಾಲಲ್ಲಿ ಎತ್ತುವ ಫೋನು

ತೇಜಶ್ರೀ ನೇಕಾರ ಓಬಣ್ಣನ ಮನೆಯೊಳಗೆ ಕಾಲಿಟ್ಟಾಗ ಅವಳು ಕೊಟ್ಟಿದ್ದ ಫೋನು ಮಗ್ಗದ ಕಂಬಕ್ಕೆ ರೇಷ್ಮೆ ದಾರದಲ್ಲಿ ಕಟ್ಟಿಸಿಕೊಂಡು ನೇತಾಡುತ್ತಿತ್ತು. ಅದರ ಇಯರ್‌ಫೋನ್ ತೂತಿನಿಂದ ಹೊರಟ ವಯರು ಎರಡಾಗಿ ಕವಲೊಡೆದಿತ್ತು. ಒಂದು ಕವಲು ಓಬಣ್ಣನ ಕಿವಿಗೆ ಹೋಗಿತ್ತು, ಇನ್ನೊಂದು ಮಗ್ಗದ ಕೆಳಗೆ ಕಾಲು ಇಳಿಬಿಡುವ ಕುಣಿಯೊಳಗೆ ಇಳಿದು ಅವನ ಕಾಲ ಬಳಿ ಕಾಣೆಯಾಗಿತ್ತು. ತಿಂಗಳ ಹಿಂದೆ ಬಳಸಿ ನೋಡಿ ಎಂದು ಕೊಟ್ಟುಹೋದಾಗ ಫೋನು ಹೀಗಿರಲಿಲ್ಲ.

ಚಳ್ಳಕೆರೆಯಲ್ಲಿ ಅವಳೂ ನಾಲ್ವರು ಗೆಳೆಯರೂ ಸೇರಿ ಎರಡು ವರ್ಷ ಒದ್ದಾಡಿ ಮಾಡಿದ ಓಪನ್ ಸೋರ್ಸ್ ಫೋನು ಅದು. ನಕ್ಷೆ, ಸಾಫ್ಟ್‌ವೇರು ಎಲ್ಲವನ್ನೂ ಇಂಟರ್‌ನೆಟ್ಟಿನಲ್ಲಿ ಬಿಚ್ಚಿಟ್ಟಿದ್ದರು. ಯಾರು ಬೇಕಾದರೂ ತೆಗೆದು ನೋಡಬಹುದು, ಬದಲಾಯಿಸಬಹುದು. ಮೊಳಕಾಲ್ಮೂರಿನ ನೇಕಾರನೊಬ್ಬ ಇಷ್ಟು ಬೇಗ ಅದನ್ನು ನಿಜಮಾಡುತ್ತಾನೆಂದು ಮಾತ್ರ ಅವಳು ಎಣಿಸಿರಲಿಲ್ಲ. “ಓಬಣ್ಣನೋರೆ, ಇದೇನು ಮಾಡಿದ್ದೀರಿ…” ಎಂದು ಶುರು ಮಾಡುವಷ್ಟರಲ್ಲಿ ಫೋನು ಬಡಿದುಕೊಂಡಿತು. ಓಬಣ್ಣ ತಲೆ ಎತ್ತಲಿಲ್ಲ. ಬಲಗಾಲನ್ನು ಪಕ್ಕಕ್ಕೆ ಸರಿಸಿ ಏನನ್ನೋ ತುಳಿದ. “ಚೆಪ್ಪಮ್ಮಾ” ಎಂದ, ಹೇಳಮ್ಮಾ ಎನ್ನುವ ಹಾಗೆ. ಲಾಳಿ ಅತ್ತಿಂದಿತ್ತ ಓಡುತ್ತಲೇ ಇತ್ತು. ಮಗಳ ಕೂಡ ತೆಲುಗಿನಲ್ಲಿ ಊಟದ ಮಾತಾಯಿತು, ಕೆಮ್ಮಿನ ಮಾತಾಯಿತು, ನಡುವೆ ಒಂದು ಸಲ ಜೋರಾಗಿ ನಕ್ಕಿದ್ದೂ ಆಯಿತು. ಮತ್ತೆ ತುಳಿದ. ಮಾತು ಮುಗಿಯಿತು.

“ನಮ್ಮ ಮೌನಿಕಾ. ಚಳ್ಳಕೆರೆ ಆಸ್ಪತ್ರೇಲಿ ನರ್ಸು,” ಎಂದ ಓಬಣ್ಣ. “ಹನ್ನೊಂದಕ್ಕೆ ಟೀ ಕುಡಿಯೋವಾಗ ಐದೇ ನಿಮಿಷ ಬಿಡುವು ಅದಕ್ಕೆ. ನಾನು ಎಳೆ ಬಿಟ್ಟು, ಕುಣಿಯಿಂದ ಎದ್ದು ಬರೋಹೊತ್ತಿಗೆ ಕಟ್ಟಾಗಿರೋದು. ಎತ್ತಿದ್ರೂ ಈ ಬೆರಳಿಗೆ ನಿಮ್ಮ ಗಾಜು ಮಾತು ಕೇಳಲ್ಲ.” ನಲವತ್ತು ವರ್ಷ ಜರಿ ಉಜ್ಜಿ ಮರಗಟ್ಟಿದ ಬೆರಳುಗಳನ್ನು ಅವಳ ಮುಂದೆ ಹಿಡಿದ. “ಇಯರ್‌ಫೋನಿನ ಬಟನ್ ಒತ್ತಿದ್ರೆ ಫೋನು ಎತ್ತುತ್ತೆ ಅಂದಿದ್ರಲ್ಲ ನೀವು? ರೇಡಿಯೊ ರಿಪೇರಿ ಮಲ್ಲಿಕ್ ಸಾಬರ ಹತ್ರ ಹೋಗಿ ಆ ಬಟನ್ನಿನ ವಯರು ಉದ್ದ ಮಾಡಿಸ್ದೆ. ಕೊನೇಗೆ ಒಂದು ಕಾಲಿಂಗ್ ಬೆಲ್ ಸ್ವಿಚ್ಚು. ಅದರ ಮೇಲೊಂದು ಹಲಗೆ. ಅಷ್ಟೇ.”

ತೇಜಶ್ರೀ ಬಗ್ಗಿ ಕುಣಿಯೊಳಗೆ ನೋಡಿದಳು. ಮಗ್ಗ ತುಳಿಯುವ ಎರಡು ಹಲಗೆಗಳ ಪಕ್ಕ ಅಂಗೈಯಗಲದ ಮೂರನೆಯದೊಂದು ಕೂತಿತ್ತು. ಅವಳಿಗೆ ಖುಷಿಯೂ ಆಯಿತು, ಪೇಚಾಟವೂ ಆಯಿತು. ಏಕೆಂದರೆ ಮೊನ್ನೆ ಮಂಗಳವಾರವಷ್ಟೇ ಅವರು ಐವರೂ ಕೂತು, ಹೊಸ ಮಾದರಿಯಲ್ಲಿ ಇಯರ್‌ಫೋನ್ ತೂತನ್ನು ಮುಚ್ಚಿಬಿಡುವುದೆಂದು ಕೈ ಎತ್ತಿದ್ದರು. ಅವಳ ಕೈಯೂ ಎದ್ದಿತ್ತು. ಮುಚ್ಚಿಡದೆ ಹೇಳಿಬಿಟ್ಟಳು.

“ನಾಳೆ ಇದು ಕೆಟ್ಟು, ಹೊಸದ್ರಲ್ಲಿ ತೂತು ಮುಚ್ಚಿದ್ರೆ ನಾನೇನು ಮಾಡ್ಲಿ?”

“ಬ್ಲೂಟೂತ್ ಇರುತ್ತೆ. ವಯರೇ ಬೇಡ.”

“ಅದನ್ನ ತುಳಿಯೋಕಾಗುತ್ತಾ?” ಎಂದು ಓಬಣ್ಣ ಗಂಭೀರವಾಗಿಯೇ ಕೇಳಿದ. ಆಮೇಲೆ, “ಯಾರು ಬೇಕಾದ್ರೂ ತಕರಾರು ಹೇಳಬಹುದು ಅಂದಿದ್ರಿ. ನಂದೊಂದು ತಕರಾರು ಬರ್ಕೊಳ್ಳಿ,” ಎಂದ.

ಬರೆದುಕೊಳ್ಳುವ ಬದಲು ಅವಳು ಮಾರುತೇಶನಿಗೆ ಫೋನು ಹಚ್ಚಿದಳು. ಐವರಲ್ಲಿ ಫೋನಿನ ಹೊರಮೈಯ ನಕ್ಷೆ ಬರೆಯುವವನು ಅವನೇ, ತೂತು ಮುಚ್ಚೋಣ ಎಂದು ಮೊದಲು ಎದ್ದಿದ್ದೂ ಅವನ ಕೈಯೇ. ಎಲ್ಲ ಕೇಳಿದ ಮೇಲೆ, “ಅವರ ನಂಬರ್ ಕೊಡು, ನಾನೇ ಮಾತಾಡ್ತೀನಿ,” ಎಂದ. ಅರೆನಿಮಿಷದಲ್ಲಿ ಮಗ್ಗದ ಕಂಬದ ಮೇಲಿನ ಫೋನು ಬಡಿದುಕೊಂಡಿತು. ಓಬಣ್ಣ ತುಳಿದ. ಇಬ್ಬರ ಮಾತೂ ಕೇಳಲೆಂದು ತೇಜಶ್ರೀ ಅವನು ಹಾಕಿಕೊಳ್ಳದೆ ಇಳಿಬಿಟ್ಟಿದ್ದ ಇನ್ನೊಂದು ಕಿವಿಯ ತುದಿಯನ್ನು ತನ್ನ ಕಿವಿಗೆ ಸಿಕ್ಕಿಸಿಕೊಂಡಳು.

“ಆ ತೂತಿನೊಳಗೆ ಧೂಳು ತುಂಬುತ್ತೆ ಯಜಮಾನ್ರೆ. ನಮ್ಮ ಕಡೆ ಧೂಳು ನಿಮಗೇ ಗೊತ್ತಲ್ಲ.”

“ನನ್ನ ಲಾಳಿಗೂ ತೂತೈತಪ್ಪ. ಅದ್ರಲ್ಲಿ ರೇಷ್ಮೆ ಜುಂಗು ತುಂಬುತ್ತೆ. ಉಫ್ ಅಂತ ಊದ್ತೀನಿ, ಹೋಗುತ್ತೆ. ಧೂಳಿಗೆ ಅಂತ ಯಾರಾದ್ರೂ ಲಾಳಿ ತೂತು ಮುಚ್ತಾರಾ?”

ಈ ಕಡೆ ಮಗ್ಗದ್ದೇ ಸದ್ದು.

“ಟಕ್ ಟಕ್ ಅಂತ ಅದೇನು ಕೇಳಿಸ್ತಿರೋದು?” ಎಂದ ಮಾರುತೇಶ. “ನೀವು ಮಗ್ಗ ನಿಲ್ಲಿಸಿಲ್ವಾ?”

“ಯಾಕೆ ನಿಲ್ಲಿಸಬೇಕು? ನೀನು ಫೋನು ಮಾಡಿದ ಮೇಲೆ ಎರಡು ಬೆರಳು ಸೀರೆ ಬೆಳೀತು.”

ಮಾರುತೇಶ ನಕ್ಕುಬಿಟ್ಟ. ನಗು ನಿಂತ ಮೇಲೆ, “ತೇಜು, ನೀನೂ ಕೇಳಿಸ್ಕೋತಿದ್ದೀಯಲ್ಲ, ತೂತು ಇರಲಿ ಬಿಡು,” ಎಂದ. “ಮಿಕ್ಕೋರನ್ನ ನಾನು ಒಪ್ಪಿಸ್ತೀನಿ. ಆ ಹಲಗೆ, ಸ್ವಿಚ್ಚು, ವಯರು ಎಲ್ಲದರ ಫೋಟೊ ಕಳಿಸು. ಯಜಮಾನರ ಹೆಸರು ಹಾಕಿ ನಕ್ಷೆ ಜೊತೆಗೇ ಇಡೋಣ. ಬೇರೆ ಊರಿನ ನೇಕಾರರೂ ನೋಡ್ಲಿ.”

ಓಬಣ್ಣ ತುಳಿದು ಮಾತು ಮುಗಿಸಿದ. ತನ್ನ ಹೆಸರು ಎಲ್ಲಿ ಬರುತ್ತದೆ, ಯಾವ ಅಕ್ಷರದಲ್ಲಿ ಬರುತ್ತದೆ ಎಂದು ಎರಡೆರಡು ಸಲ ಕೇಳಿ ತಿಳಿದುಕೊಂಡ. ತೇಜಶ್ರೀ ಕುಣಿಯ ಅಂಚಿನಲ್ಲಿ ಮೊಣಕಾಲೂರಿ ಮೂರನೆಯ ಹಲಗೆಯ ಫೋಟೊ ತೆಗೆದಳು. ಸೋತು ಇಷ್ಟು ಹಗುರಾಗಿದ್ದು ಅವಳಿಗೆ ನೆನಪಿರಲಿಲ್ಲ.

ಅಷ್ಟು ಹೊತ್ತೂ ಗೋಡೆಯ ಬದಿಯಲ್ಲಿ ರಾಟೆ ತಿರುಗಿಸುತ್ತಾ ಲಾಳಿಗೆ ಹಾಕುವ ಕಂಡಿಕೆಗೆ ರೇಷ್ಮೆ ಸುತ್ತುತ್ತಿದ್ದ ಓಬಣ್ಣನ ಹೆಂಡತಿ ಚಿತ್ತಮ್ಮ ಈಗ ಬಾಯಿಬಿಟ್ಟಳು.

“ನಮ್ಮ ಯಜಮಾನ್ರದ್ದು ಆಯ್ತಲ್ಲಮ್ಮ. ನನ್ನ ಒಂದು ಕೈ ರಾಟೇಲಿ, ಇನ್ನೊಂದು ಕೈ ಎಳೇಲಿ. ಕಾಲು ನೋಡಿದ್ರೆ ಹಿಂಗೆ ಮಡಚಿಟ್ಟಿದೀನಿ. ಫೋನು ಬಂದ್ರೆ ನಾನು ಯಾವುದರಿಂದ ಎತ್ಲಿ?”

ಹೊರಡಲೆಂದು ಹೆಗಲಿಗೇರಿಸಿದ್ದ ಚೀಲವನ್ನು ತೇಜಶ್ರೀ ಇಳಿಸಿದಳು. ಚಿತ್ತಮ್ಮನ ಎದುರಿಗೆ, ನೆಲದ ಮೇಲೆ, ಅವಳ ಹಾಗೆಯೇ ಕಾಲು ಮಡಚಿ ಕೂತಳು.